ಕುಸೈಸಿನ ಅಂಗಡಿಗೆ ಎಷ್ಟು ಖಾತೆ ಬೇಕು?

ದುಬೈ ಎಂದರೆ ಬುರ್ಜ್ ಖಲೀಫಾ ನೆನಪಾಗುವವರಿಗೆ ಅಲ್ ಕುಸೈಸನ್ನು ತೋರಿಸಿದರೆ, ಇದೂ ದುಬೈ ಹೌದಾ ಎಂದು ಕೇಳಿಯಾರು. ವಿಮಾನ ನಿಲ್ದಾಣದ ಆಚೆ, ಶಾರ್ಜಾದ ಗಡಿಗೆ ತಾಗಿಕೊಂಡಿರುವ ಬಡಾವಣೆ ಇದು. 2011ರ ಸೆಪ್ಟೆಂಬರಿನಲ್ಲಿ ಶುರುವಾದ ಮೆಟ್ರೋದ ಹಸಿರು ಮಾರ್ಗದಲ್ಲಿ ಇತಿಸಲಾತ್ ನಿಲ್ದಾಣ ಬಿಟ್ಟರೆ ಮುಂದಿನದೇ ನಮ್ಮದು. ಇಲ್ಲಿ ನಾಲ್ಕೈದು ಮಹಡಿಯ ಕಟ್ಟಡಗಳೇ ಹೆಚ್ಚು. ಮೇಲೆ ಸಂಸಾರಗಳು, ಕೆಳಗೆ ಸಾಲು ಅಂಗಡಿಗಳು: ಕಫೆಟೇರಿಯಾ, ಗ್ರೋಸರಿ, ಲಾಂಡ್ರಿ, ಜೆಂಟ್ಸ್ ಸಲೂನ್, ಟೈಪಿಂಗ್ ಸೆಂಟರ್, ಲೇಡೀಸ್ ಟೈಲರ್. ಇನ್ನೂ ಒಳಕ್ಕೆ ಹೋದರೆ ಇಂಡಸ್ಟ್ರಿಯಲ್ ಏರಿಯಾ, ಅಲ್ಲಿನ ಗ್ಯಾರೇಜು, ಗೋದಾಮು, ಕಾರ್ಮಿಕರ ಊಟದ ಮೆಸ್ಸು. ಈ ಕೆಳಮಹಡಿಯ ಅಂಗಡಿಗಳನ್ನು ಜನರ ಫೋನಿಗೆ ಮುಟ್ಟಿಸುವುದು ನನ್ನ ಕೆಲಸ. ಊರು ಪುತ್ತೂರು ಕಡೆ. ಅನ್ನ ಕೊಡುತ್ತಿರುವುದು ಡಮಾಸ್ಕಸ್ ರಸ್ತೆಯ ಒಂದು ಸಣ್ಣ ಜಾಹೀರಾತು ಕಚೇರಿ.

ನಮ್ಮ ಕಚೇರಿಗೆ ಬರುವವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. ಕುಂದಾಪುರ ಕಡೆಯ ಹೋಟೆಲ್ ಅಣ್ಣ ಒಬ್ಬರು ಕೇಳಿದ ರೀತಿಯಲ್ಲೇ ಹೇಳುತ್ತೇನೆ: "ತಂಗಿ, ನಮ್ಮದು ಇನ್‌ಸ್ಟಾಗ್ರಾಂ ಒಂದೇ ಉಂಟು. ಆಚೆ ಬೀದಿಯವರದ್ದು ಏಳೆಂಟು ಖಾತೆ ಉಂಟಂತೆ. ನಮಗೂ ಅಷ್ಟು ಮಾಡಿಕೊಡಿ ಮಾರಾಯ್ರೆ."

"ಮಾಡುವ ಅಣ್ಣ. ಆದರೆ ರಾತ್ರಿ ಹತ್ತು ಗಂಟೆಗೆ ಯಾರಾದರೂ 'ನೀರ್ ದೋಸೆ ಉಂಟಾ' ಅಂತ ಕೇಳಿದರೆ ಆ ಏಳರಲ್ಲೂ ಉತ್ತರ ಕೊಡುವುದು ಯಾರು?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಖಾತೆ ಎಂದರೆ ಅಂಗಡಿಯ ಇನ್ನೊಂದು ಕೌಂಟರ್. ತೆರೆದ ಮೇಲೆ ಅದರ ಹಿಂದೆ ಒಬ್ಬರು ನಿಲ್ಲಲೇಬೇಕು. ಹಾಗೆಂದು ಒಂದೇ ಖಾತೆ ಸಾಕು ಎನ್ನುವವಳೂ ನಾನಲ್ಲ. ಕುಸೈಸಿನಂಥ ಕಡೆ ಒಂದೇ ಖಾತೆ ನಿಜಕ್ಕೂ ಸಾಕಾಗುವುದಿಲ್ಲ. ಅದಕ್ಕೆ ಕಾರಣ ಇಲ್ಲಿನ ಜನ.

ಒಂದೇ ಕಟ್ಟಡದ ಲಿಫ್ಟಿನಲ್ಲಿ ಮಲಯಾಳ, ಉರ್ದು, ತಗಾಲೊಗ್, ಅರಬ್ಬಿ, ನೇಪಾಳಿ, ತುಳು ಎಲ್ಲವೂ ಕೇಳುತ್ತವೆ. ಒಬ್ಬೊಬ್ಬರೂ ಫೋನಿನಲ್ಲಿ ಕಾಲ ಕಳೆಯುವ ಜಾಗ ಬೇರೆ. ನಾನು ಕಂಡಂತೆ ಫಿಲಿಪ್ಪೀನಿಯರು ಏನು ಬೇಕಾದರೂ ಮೊದಲು ಹುಡುಕುವುದು ಫೇಸ್‌ಬುಕ್ಕಿನಲ್ಲಿ. ಮಾತುಕತೆ, ಚೌಕಾಸಿ ಎಲ್ಲ ಮೆಸೆಂಜರಿನಲ್ಲೇ ಮುಗಿಸುತ್ತಾರೆ. ಅರಬ್ ಮನೆಗಳ ಹುಡುಗಿಯರು ಸ್ನ್ಯಾಪ್‌ಚಾಟ್ ಬಿಟ್ಟು ಬರುವುದು ಕಡಿಮೆ. ಮಲಯಾಳಿಗಳಿಗೂ ನಮ್ಮವರಿಗೂ ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್. ಪಾಕಿಸ್ತಾನದ, ನೇಪಾಳದ ಹುಡುಗರು ಟಿಕ್‌ಟಾಕ್ ನೋಡುತ್ತಾರೆ. ಊರಿನಲ್ಲಿ ಇದನ್ನು ಓದುವವರಿಗೆ ಟಿಕ್‌ಟಾಕ್ ಹೆಸರು ಮರೆತೇ ಹೋಗಿರಬಹುದು. 2020ರ ಜೂನ್ 29ರಂದು ಭಾರತ ಸರಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಒಂದು. ಇಲ್ಲಿ ಅದು ಗಟ್ಟಿಯಾಗಿ ನಡೆಯುತ್ತಿದೆ. ಊರಿನಿಂದ ಹೊಸದಾಗಿ ಬಂದು ವ್ಯಾಪಾರ ಶುರುಮಾಡುವ ನಮ್ಮವರು ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಹತ್ತಿರದ ಕಾರ್ಮಿಕರ ಕ್ಯಾಂಪುಗಳಲ್ಲಿರುವ, ದಿನಾ ಹೊರಗೆ ಉಣ್ಣುವ ಗಿರಾಕಿಗಳ ಕಣ್ಣಿಗೆ ಅವರು ಬೀಳುವುದೂ ಇಲ್ಲ.

ಒಂದು ಲೇಡೀಸ್ ಟೈಲರ್ ಅಂಗಡಿಯ ವಿಷಯ ಹೇಳಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ಮೂರು ಬಗೆಯ ಕೆಲಸ ನಡೆಯುತ್ತದೆ: ನಮ್ಮ ಹೆಂಗಸರ ಸೀರೆ ರವಿಕೆ, ಅರಬ್ ಹೆಂಗಸರ ಅಬಾಯಾ, ಆಸ್ಪತ್ರೆ ಮತ್ತು ಸಲೂನುಗಳಲ್ಲಿ ದುಡಿಯುವ ಫಿಲಿಪ್ಪೀನಿ ಹುಡುಗಿಯರ ಯೂನಿಫಾರಂ ಆಲ್ಟರೇಶನ್. ಮೊದಲು ಒಂದೇ ಇನ್‌ಸ್ಟಾಗ್ರಾಂ ಪುಟದಲ್ಲಿ ಮೂರೂ ಕಲಸಿಹೋಗಿದ್ದವು. ರವಿಕೆಯ ಬೆನ್ನಿನ ಕುತ್ತಿಗೆ ಡಿಸೈನಿನ ಪಕ್ಕದಲ್ಲೇ ಅಬಾಯಾ. ಅದನ್ನು ನೋಡಲು ಬಂದವರು ಇದು ನಮ್ಮ ಅಂಗಡಿ ಅಲ್ಲ ಎಂದು ತಿರುಗಿ ಹೋಗುತ್ತಿದ್ದರು. ಈಗ ರವಿಕೆಗೆ ಇನ್‌ಸ್ಟಾಗ್ರಾಂ. ಅಬಾಯಾಕ್ಕೆ ಸ್ನ್ಯಾಪ್‌ಚಾಟ್, ಅದನ್ನು ಅರಬ್ಬಿ ಬಲ್ಲ ಕಟಿಂಗ್ ಮಾಸ್ಟರ್ ನೋಡಿಕೊಳ್ಳುತ್ತಾರೆ. ಆಲ್ಟರೇಶನ್‌ಗೆ ಫೇಸ್‌ಬುಕ್ ಪುಟ, ಅದರಲ್ಲಿ ಬೆಲೆಪಟ್ಟಿ ಬಿಟ್ಟರೆ ಹೆಚ್ಚೇನೂ ಇಲ್ಲ: ಪ್ಯಾಂಟ್ ಉದ್ದ ಕಡಿಮೆ ಮಾಡಲು ಎಷ್ಟು, ಜಿಪ್ ಬದಲಿಸಲು ಎಷ್ಟು, ಸಂಜೆಗೆ ಸಿಗುತ್ತದೋ ಇಲ್ಲವೋ. ಆ ಹುಡುಗಿಯರಿಗೆ ಬೇಕಿರುವುದು ಅಷ್ಟೇ. ಮೂರು ಖಾತೆ, ಮೂರು ಬಗೆಯ ಗಿರಾಕಿ, ಉತ್ತರ ಕೊಡಲು ಮೂರು ಜನ. ಅಂಗಡಿಯ ಹೆಸರು ಮಾತ್ರ ಎಲ್ಲ ಕಡೆ ಒಂದೇ, ಟ್ರೇಡ್ ಲೈಸೆನ್ಸಿನಲ್ಲಿ ಇರುವ ಹಾಗೆಯೇ.

ಎಲ್ಲಕ್ಕಿಂತ ಮೊದಲು ಸರಿಪಡಿಸಬೇಕಾದ ಖಾತೆಯನ್ನು ನಮ್ಮವರು ಖಾತೆ ಎಂದೇ ಎಣಿಸುವುದಿಲ್ಲ. ಅದು ಗೂಗಲ್ ಮ್ಯಾಪಿನ ಗುರುತು. ಇಲ್ಲಿ ಮನೆ ಬಾಗಿಲಿಗೆ ಅಂಚೆಯಣ್ಣ ಬರುವ ಪದ್ಧತಿ ಬೆಳೆದಿಲ್ಲ, ಕಾಗದಪತ್ರಕ್ಕೆ ಪಿ.ಒ. ಬಾಕ್ಸ್. 'ಮಸೀದಿಯ ಹಿಂದೆ, ಫಾರ್ಮಸಿಯ ಪಕ್ಕ' ಎನ್ನುವುದೇ ವಿಳಾಸ. ಜೊತೆಗೆ ನಮಗೆ ಇನ್ನೊಂದು ತಲೆನೋವು: ಪಕ್ಕದ ಅಲ್ ನಹ್ದಾ ಎಂಬ ಹೆಸರು ಗಡಿಯ ಈಚೆ ದುಬೈಯಲ್ಲೂ ಇದೆ, ಆಚೆ ಶಾರ್ಜಾದಲ್ಲೂ ಇದೆ. ಎರಡು ಎಮಿರೇಟು, ಒಂದೇ ಹೆಸರು, ನಡುವೆ ಸಂಜೆಯ ಟ್ರಾಫಿಕ್ಕು. ತಪ್ಪು ನಹ್ದಾಕ್ಕೆ ಹೋಗಿ ಸಿಕ್ಕಿಬಿದ್ದ ಗಿರಾಕಿ ಆ ದಿನ ಊಟಕ್ಕೆ ಬರುವುದಿಲ್ಲ, ಮತ್ತೆ ಬರುವುದೂ ಅನುಮಾನ. ದುಬೈಯ ಕಟ್ಟಡಗಳ ಬಾಗಿಲಲ್ಲಿ ಮಕಾನಿ ಎಂಬ 10 ಅಂಕಿಯ ಫಲಕ ಇರುತ್ತದೆ. ಕಟ್ಟಡದ ನಿಖರ ಪ್ರವೇಶದ್ವಾರವನ್ನೇ ಅದು ಹೇಳುತ್ತದೆ. ನಾನು ಯಾವ ಅಂಗಡಿಯ ಕೆಲಸ ಹಿಡಿದರೂ ಮೊದಲು ಆ ಸಂಖ್ಯೆ ಬರೆದುಕೊಂಡು ಬಂದು ಎಲ್ಲ ಖಾತೆಗಳ ಪರಿಚಯದಲ್ಲಿ ಹಾಕುತ್ತೇನೆ. ಗೂಗಲ್ಲಿನ ನಿಯಮದಲ್ಲಿ ಒಂದು ಅಂಗಡಿಗೆ ಒಂದೇ ಗುರುತು. ಹೆಸರು ಸ್ವಲ್ಪ ಬದಲಿಸಿ ಎರಡು ಮೂರು ಮಾಡಿಟ್ಟರೆ ಹೆಚ್ಚು ಕಾಣುತ್ತೇವೆ ಎಂದು ಯಾರೋ ಹೇಳಿಕೊಟ್ಟಿರುತ್ತಾರೆ. ಆಗುವುದು ಉಲ್ಟಾ: ಬಂದ ರಿವ್ಯೂಗಳು ಹಂಚಿಹೋಗುತ್ತವೆ, ಒಂದು ಗುರುತಿನಲ್ಲಿ ಹಳೆಯ ಫೋನ್ ನಂಬರ್ ಹಾಗೆಯೇ ಉಳಿದಿರುತ್ತದೆ, ಕೊನೆಗೆ ಗೂಗಲ್ಲೇ ಒಂದನ್ನು ತೆಗೆದುಹಾಕುತ್ತದೆ. ಯಾವುದನ್ನು ತೆಗೆಯುತ್ತದೆ ಎನ್ನುವುದು ನಮ್ಮ ಕೈಯಲ್ಲಿರುವುದಿಲ್ಲ.

ಆಮೇಲೆ ವಾಟ್ಸ್ಆ್ಯಪ್. ಈ ದೇಶದಲ್ಲಿ ವಾಟ್ಸ್ಆ್ಯಪ್ ಕರೆ ನಡೆಯುವುದಿಲ್ಲ, ಮೆಸೇಜು ನಡೆಯುತ್ತದೆ. ವ್ಯಾಪಾರವೆಲ್ಲ ಬರೆದೇ ಆಗಬೇಕು, ಇಲ್ಲವೇ ವಾಯ್ಸ್ ನೋಟ್. 2018ರಲ್ಲಿ ಬಂದ ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪಿನಲ್ಲಿ ಮೆನು, ಬೆಲೆ, ಸಮಯ ಎಲ್ಲ ಒಂದೇ ಕಡೆ ಜೋಡಿಸಿಡಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದಕ್ಕೆ 256 ಜನರವರೆಗೆ ಸೇರಿಸಬಹುದು. ಆದರೆ ಒಂದು ಷರತ್ತಿದೆ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ: ನಿಮ್ಮ ನಂಬರನ್ನು ತನ್ನ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಮೆಸೇಜು ಹೋಗುತ್ತದೆ. ಯಾರದೋ ಕೈಯಿಂದ ಸಾವಿರ ನಂಬರಿನ ಪಟ್ಟಿ ಕೊಂಡು ತಂದು ತುಂಬಿಸಿದರೆ ಒಂದೂ ತಲುಪುವುದಿಲ್ಲ. ಹಾಗಾಗಿ ಹೋಟೆಲ್ ಅಣ್ಣನ ಬಿಲ್ ಕೌಂಟರಿನಲ್ಲಿ ಒಂದು ಸಣ್ಣ ಚೀಟಿ ಅಂಟಿಸಿದೆವು. 'ಈ ನಂಬರ್ ಸೇವ್ ಮಾಡಿ, ಶುಕ್ರವಾರದ ಸ್ಪೆಷಲ್ ಏನೆಂದು ಗುರುವಾರ ಸಂಜೆ ಹೇಳುತ್ತೇವೆ.' ಇಷ್ಟೇ. ಬಂಗುಡೆ ಪುಳಿಮುಂಚಿ, ಕೋರಿ ರೊಟ್ಟಿ, ಗೋಳಿಬಜೆ ಎಂಬ ಮೂರು ಹೆಸರು ಗುರುವಾರ ಸಂಜೆ ಹೋದರೆ ಶುಕ್ರವಾರದ ಊಟಕ್ಕೆ ಎಷ್ಟು ಮೀನು ತರಬೇಕೆಂದು ಅವರಿಗೆ ಅಂದಾಜು ಸಿಗುತ್ತದೆ. ಜಾಹೀರಾತಿಗಿಂತ ಹೆಚ್ಚು ಉಪಕಾರ ಇದರಿಂದ ಆಗಿದೆ ಎಂದು ಅವರೇ ಹೇಳುತ್ತಾರೆ.

ಕರೆ ಮಾಡಿ ಮಾರಾಟ ಮಾಡುವ ದಾರಿ ಈಗ ಬಹಳ ಕಿರಿದಾಗಿದೆ. 2024ರ ಆಗಸ್ಟಿನಿಂದ ಜಾರಿಗೆ ಬಂದ ನಿಯಮದಲ್ಲಿ ಮಾರಾಟದ ಕರೆಗೆ ಮೊದಲೇ ಅನುಮತಿ ಬೇಕು, ಬೆಳಗ್ಗೆ 9ರಿಂದ ಸಂಜೆ 6ರ ಒಳಗೆ ಮಾತ್ರ ಮಾಡಬೇಕು; ತಪ್ಪಿದರೆ ದಂಡ 1,50,000 ದಿರ್ಹಮ್‌ವರೆಗೆ ಹೋಗಬಹುದು. ಒಂದು ಸಣ್ಣ ಕಫೆಟೇರಿಯಾ ಬಾಗಿಲು ಮುಚ್ಚಲು ಅಷ್ಟು ಬೇಕಾಗಿಯೇ ಇಲ್ಲ. ಕೇಳಿದವರಿಗೆ ಮಾತ್ರ ಮೆಸೇಜು ಕಳಿಸುವುದು ಮರ್ಯಾದೆಗೂ ಒಳ್ಳೆಯದು, ಜೇಬಿಗೂ ಒಳ್ಳೆಯದು.

ಇನ್ನು ಸುಳ್ಳು ಖಾತೆಗಳ ವಿಷಯ. 'ಹೆಚ್ಚು ಖಾತೆ' ಎಂದು ಮಾರಾಟಗಾರರು ಹೇಳಿದಾಗ ಅವರ ಮನಸ್ಸಿನಲ್ಲಿರುವುದು ಎಷ್ಟೋ ಸಲ ಇದೇ. ಇಲ್ಲದ ಹೆಸರಿನ ಹತ್ತಿಪ್ಪತ್ತು ಖಾತೆ ತೆರೆದು, ಅಂಗಡಿಯ ಪುಟಕ್ಕೆ ಅವುಗಳಿಂದ ಲೈಕು, 'ಸೂಪರ್ ಟೇಸ್ಟ್' ಎಂಬ ಕಾಮೆಂಟು, ಮ್ಯಾಪಿನಲ್ಲಿ ಐದು ನಕ್ಷತ್ರ. ಬೇಕಾದರೆ ಎದುರಂಗಡಿಗೆ ಒಂದು ನಕ್ಷತ್ರ. ಇಂಥದನ್ನು ಪ್ಯಾಕೇಜು ಮಾಡಿ ಮಾರುವ ಮೆಸೇಜುಗಳು ಅಂಗಡಿಗಳ ಫೋನಿಗೆ ಬರುತ್ತಲೇ ಇರುತ್ತವೆ.

ಆಸೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕಲ್ ಲೂಕಾ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಅಮೆರಿಕದ ಸಿಯಾಟಲ್ ಹೋಟೆಲುಗಳನ್ನು ನೋಡಿತ್ತು. ಯೆಲ್ಪ್ ಎಂಬ ತಾಣದಲ್ಲಿ ಒಂದು ನಕ್ಷತ್ರ ಹೆಚ್ಚಾದರೆ ಹೋಟೆಲಿನ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಅದು ಹೇಳಿತು. ಇನ್ನೂ ಮುಖ್ಯವಾದ ಮಾತು ಅದರಲ್ಲಿದೆ: ಈ ಏರಿಕೆ ಕಂಡದ್ದು ಸ್ವಂತವಾಗಿ ನಡೆಸುವ ಒಂಟಿ ಹೋಟೆಲುಗಳಲ್ಲಿ, ದೊಡ್ಡ ಸರಣಿ ಹೋಟೆಲುಗಳಿಗೆ ನಕ್ಷತ್ರದಿಂದ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಹೆಸರು ಗೊತ್ತಿಲ್ಲದ ಸಣ್ಣ ಅಂಗಡಿಗೆ ಅಪರಿಚಿತರ ಮಾತೇ ಬಂಡವಾಳ. ಕುಸೈಸಿನ ಕಫೆಟೇರಿಯಾದವರಿಗೆ ಇದು ಅಧ್ಯಯನ ಓದದೆಯೂ ಗೊತ್ತು.

ಆದರೆ ಸುಳ್ಳು ಎಲ್ಲಿಯವರೆಗೆ ಹೋಗಬಹುದು ಎನ್ನುವುದನ್ನು 2017ರಲ್ಲಿ ಲಂಡನ್ನಿನಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ತೋರಿಸಿಕೊಟ್ಟರು. ಡಲಿಚ್ ಎಂಬಲ್ಲಿ ತಾನು ವಾಸವಿದ್ದ ತೋಟದ ಶೆಡ್ಡನ್ನೇ ಅವರು ಹೋಟೆಲೆಂದು ಟ್ರಿಪ್‌ಅಡ್ವೈಸರ್‌ನಲ್ಲಿ ನೋಂದಾಯಿಸಿದರು, ಗೆಳೆಯರಿಂದ ಸುಳ್ಳು ರಿವ್ಯೂ ಬರೆಸಿದರು. ಕೆಲವೇ ತಿಂಗಳಲ್ಲಿ ಅದು ಆ ತಾಣದಲ್ಲಿ ಲಂಡನ್ನಿನ ನಂಬರ್ ಒನ್ ಹೋಟೆಲಾಯಿತು. ಒಂದು ಪ್ಲೇಟ್ ಊಟವನ್ನೂ ಅಲ್ಲಿ ಯಾರೂ ಉಂಡಿರಲಿಲ್ಲ. ಈ ಕಥೆ ಕೇಳಿದವರಲ್ಲಿ ಕೆಲವರು, 'ನೋಡಿ, ಕೆಲಸ ಮಾಡುತ್ತದಲ್ಲ' ಎನ್ನುತ್ತಾರೆ. ನನಗೆ ತೋರುವುದು ಬೇರೆ. ಬಟ್ಲರ್‌ಗೆ ಗಿರಾಕಿ ಬೇಕಿರಲಿಲ್ಲ, ವರದಿ ಬೇಕಿತ್ತು. ನಮ್ಮ ಅಣ್ಣನಿಗೆ ಅದೇ ಗಿರಾಕಿ ಮುಂದಿನ ಶುಕ್ರವಾರವೂ ಬರಬೇಕು. ಐದು ನಕ್ಷತ್ರ ನಂಬಿ ಬಂದವರಿಗೆ ಮೂರು ನಕ್ಷತ್ರದ ಸಾರು ಸಿಕ್ಕಿದರೆ, ಮೇಲಿನ ಮಹಡಿಯ ಅಷ್ಟೂ ಮನೆಗಳಿಗೆ ಅದೇ ಸಂಜೆ ಸುದ್ದಿ ಮುಟ್ಟುತ್ತದೆ.

ತಾಣಗಳೂ ಕಣ್ಣು ಮುಚ್ಚಿ ಕುಳಿತಿಲ್ಲ. ನೌಕರರೇ ತಮ್ಮ ಅಂಗಡಿಗೆ ರಿವ್ಯೂ ಬರೆಯುವುದನ್ನು, ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ ಕೊಡುವುದನ್ನು ಗೂಗಲ್ ನಿಯಮ ಒಪ್ಪುವುದಿಲ್ಲ. 'ರಿವ್ಯೂ ಹಾಕಿದರೆ ಕರಕ್ ಚಾ ಫ್ರೀ' ಎಂಬ ಬೋರ್ಡು ಕೂಡ ಅದರೊಳಗೆ ಬರುತ್ತದೆ. ಎಷ್ಟೋ ಜನ ಅದನ್ನು ತಿಳಿಯದೆ ಬರೆಸಿಟ್ಟಿದ್ದಾರೆ. ಇನ್‌ಸ್ಟಾಗ್ರಾಂನಲ್ಲಿ ಒಬ್ಬರು ಒಂದೇ ಆ್ಯಪಿನಿಂದ ಐದು ಖಾತೆಗಳ ನಡುವೆ ಓಡಾಡುವ ಸೌಲಭ್ಯ 2016ರಲ್ಲೇ ಬಂತು, ಅದರಲ್ಲಿ ತಪ್ಪೇನೂ ಇಲ್ಲ. ಒಂದೇ ರೀಲನ್ನು ಐದರಲ್ಲೂ ಹಾಕಿದರೆ ಐದು ಪಟ್ಟು ಜನ ನೋಡುತ್ತಾರೆ ಎನ್ನುವುದು ಮಾತ್ರ ತಪ್ಪು ಲೆಕ್ಕ. 2024ರ ಏಪ್ರಿಲ್ ಕೊನೆಯಲ್ಲಿ ಇನ್‌ಸ್ಟಾಗ್ರಾಂ ಹೇಳಿದ ಪ್ರಕಾರ, ಒಂದೇ ವಿಡಿಯೋದ ಪ್ರತಿಗಳು ಕಂಡರೆ ಅದು ಹೊಸಬರಿಗೆ ತೋರಿಸುವುದು ಮೂಲವನ್ನು. ಬೇರೆಯವರದ್ದನ್ನು ಮತ್ತೆ ಮತ್ತೆ ಹಾಕುವ ಖಾತೆಗಳನ್ನು ಶಿಫಾರಸಿನಿಂದಲೇ ದೂರ ಇಡುತ್ತದೆ. ಫೇಸ್‌ಬುಕ್ಕಿನಲ್ಲಿ ಒಬ್ಬ ಮನುಷ್ಯನಿಗೆ ಒಂದೇ ವೈಯಕ್ತಿಕ ಖಾತೆ, ವ್ಯಾಪಾರದ ಪುಟ ಎಷ್ಟಾದರೂ ಮಾಡಿಕೊಳ್ಳಬಹುದು. ಈ ವ್ಯತ್ಯಾಸ ಗೊತ್ತಿಲ್ಲದೆ ಅಂಗಡಿಯ ಹೆಸರಿನಲ್ಲೇ 'ಫ್ರೆಂಡ್ ರಿಕ್ವೆಸ್ಟ್' ಕಳಿಸುವ ಖಾತೆ ಮಾಡಿದವರು ಕುಸೈಸಿನಲ್ಲಿ ಬೇಕಾದಷ್ಟು ಸಿಗುತ್ತಾರೆ.

ಇದಕ್ಕೆಲ್ಲ ಮೇಲೆ ಈ ನೆಲದ ಕಾನೂನು. 2022ರ ಜನವರಿಯಿಂದ ಜಾರಿಯಲ್ಲಿರುವ ಸೈಬರ್ ಅಪರಾಧ ಕಾನೂನು ಇನ್ನೊಬ್ಬ ವ್ಯಕ್ತಿಯ ಅಥವಾ ಸಂಸ್ಥೆಯ ಹೆಸರಿನಲ್ಲಿ ಸುಳ್ಳು ಖಾತೆ ತೆರೆಯುವುದನ್ನು ಅಪರಾಧ ಎನ್ನುತ್ತದೆ. ಸುಳ್ಳು ಮಾಹಿತಿ ಕೊಟ್ಟು ಸರಕು ಸೇವೆ ಮಾರುವುದಕ್ಕೂ ಅದರಲ್ಲಿ ಬೇರೆಯೇ ಕಲಮು ಇದೆ, ದಂಡ ಸಾವಿರಗಳಲ್ಲಿ ಶುರುವಾಗಿ ಲಕ್ಷಗಳಿಗೆ ಹೋಗುತ್ತದೆ. ಎದುರಂಗಡಿಯ ಹೆಸರಿನಲ್ಲಿ ತಮಾಷೆಗೆಂದು ಪುಟ ಮಾಡುವ ಹುಡುಗರಿಗೆ ನಾನು ಇದನ್ನು ಬಿಡಿಸಿ ಹೇಳುತ್ತೇನೆ. ಊರಿನ ಹಾಗೆ ಠಾಣೆಯಲ್ಲಿ ಮಾತಾಡಿ ಮುಗಿಸುವ ಸಂಗತಿ ಇದಲ್ಲ. ಕೆಲಸ, ವೀಸಾ, ಊರಿಗೆ ಹೋಗುವ ದಾರಿ ಎಲ್ಲವೂ ಸಿಕ್ಕಿಕೊಳ್ಳುತ್ತದೆ.

ಅದೇ ಕಾನೂನು ಒಪ್ಪಿಗೆ ಇಲ್ಲದೆ ಬೇರೆಯವರ ಫೋಟೋ ತೆಗೆದು ಹಂಚುವುದನ್ನೂ ತಡೆಯುತ್ತದೆ. ಹೋಟೆಲ್ ತುಂಬಿದೆ ಎಂದು ತೋರಿಸಲು ಊಟದ ಹಾಲ್ ಪೂರ್ತಿ ವಿಡಿಯೋ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ನಮ್ಮ ರೀಲುಗಳಲ್ಲಿ ಅದಕ್ಕೇ ಕೈ, ತಟ್ಟೆ, ಕಾವಲಿ, ಹಬೆ ಮಾತ್ರ. ದೋಸೆ ಹೊಯ್ಯುವ ಅಡುಗೆಯವರ ಮುಖ ಬಂದರೆ ಅವರ ಒಪ್ಪಿಗೆ ಕೇಳಿರುತ್ತೇವೆ. ಹೇಳಿದರೆ ನಂಬಲಿಕ್ಕಿಲ್ಲ, ಜನ ಹೆಚ್ಚು ನೋಡುವುದೂ ಕಾವಲಿಯನ್ನೇ.

ಊರಿನಿಂದ ನೆಂಟರು ಬಂದಾಗ ಎದುರಾಗುವ ಪ್ರಶ್ನೆಯೂ ಒಂದಿದೆ, ಹೊಸತು. 'ನಮ್ಮ ಭಾವನ ಮಗನಿಗೆ ಇನ್‌ಸ್ಟಾದಲ್ಲಿ ಐವತ್ತು ಸಾವಿರ ಫಾಲೋವರ್ಸ್ ಉಂಟು, ಅವನಿಂದ ಒಂದು ವಿಡಿಯೋ ಮಾಡಿಸುವ' ಎಂದು. 2025ರ ಜುಲೈ ಕೊನೆಯಲ್ಲಿ ಯುಎಇ ಮೀಡಿಯಾ ಕೌನ್ಸಿಲ್ 'ಅಡ್ವರ್ಟೈಸರ್ ಪರ್ಮಿಟ್' ಎಂಬ ಪರವಾನಗಿಯನ್ನು ಪ್ರಕಟಿಸಿತು. ಪಾಲಿಸಲು ಕೊಟ್ಟ ಗಡುವನ್ನು ಆಮೇಲೆ 2026ರ ಜನವರಿ 31ರವರೆಗೆ ಮುಂದೂಡಿತು. ಸೋಷಿಯಲ್ ಮೀಡಿಯಾದಲ್ಲಿ ಬೇರೆಯವರ ಸರಕಿಗೆ ಪ್ರಚಾರ ಕೊಡುವ ಯಾರಿಗೇ ಆಗಲಿ ಅದು ಬೇಕು, ದುಡ್ಡು ತೆಗೆದುಕೊಂಡರೂ ಅಷ್ಟೇ, ಬಿಟ್ಟಿಯಾದರೂ ಅಷ್ಟೇ. ಇಲ್ಲಿನ ನಿವಾಸಿಗಳಿಗೆ ಮೊದಲ ಮೂರು ವರ್ಷ ಶುಲ್ಕವಿಲ್ಲ. ಪರವಾನಗಿಯ ಸಂಖ್ಯೆ ಖಾತೆಯಲ್ಲಿ ಕಾಣುವಂತಿರಬೇಕು, ನೋಂದಾಯಿಸಿದ ಖಾತೆಯಿಂದಲೇ ಜಾಹೀರಾತು ಹೋಗಬೇಕು, ಆ ಖಾತೆಯನ್ನು ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಪ್ರವಾಸಕ್ಕೆ ಬಂದವರಿಗೆ ಮೂರು ತಿಂಗಳ ಬೇರೆ ಪರವಾನಗಿ ಇದೆ, ಅದನ್ನು ಇಲ್ಲಿನ ಲೈಸೆನ್ಸ್ ಇರುವ ಏಜೆನ್ಸಿಯ ಮೂಲಕ ಪಡೆಯಬೇಕು. ತನ್ನದೇ ಅಂಗಡಿ, ತನ್ನದೇ ಸರಕಿನ ಬಗ್ಗೆ ತಾನೇ ಹಾಕಿಕೊಳ್ಳುವ ಮಾಲೀಕರಿಗೆ ವಿನಾಯಿತಿ ಉಂಟು.

ಸಣ್ಣ ವ್ಯಾಪಾರಿಗೆ ಈ ನಿಯಮ ಅನುಕೂಲವೇ ಎಂದು ನನ್ನ ಅಭಿಪ್ರಾಯ. ಫಾಲೋವರ್ಸ್ ಹೆಸರು ಹೇಳಿ ಬಿಟ್ಟಿ ಊಟ ಕೇಳಿಕೊಂಡು ಬರುವವರ ಮುಂದೆ ಹೋಟೆಲ್ ಅಣ್ಣ ಈಗ ಪರ್ಮಿಟ್ ನಂಬರ್ ಕೇಳಬಹುದು. ಇನ್ನೊಂದು ಎಚ್ಚರವೂ ಇದರಿಂದ ಬಂತು. ಅಣ್ಣನ ಹೋಟೆಲಿನಲ್ಲಿರುವ ನೇಪಾಳದ ವೇಟರ್ ಹುಡುಗ ಚಂದ ವಿಡಿಯೋ ಮಾಡುತ್ತಾನೆ. ಅದನ್ನು ಅವನು ತನ್ನ ಖಾಸಗಿ ಟಿಕ್‌ಟಾಕಿನಲ್ಲಿ ಹಾಕುತ್ತಿದ್ದ. ಮಾಲೀಕರಿಗಿರುವ ವಿನಾಯಿತಿ ನೌಕರನ ಖಾತೆಗೂ ಸಿಗುತ್ತದೆ ಎಂದು ನಂಬಿಕೊಂಡು ಅವನನ್ನು ತೊಂದರೆಗೆ ತಳ್ಳುವುದು ಸರಿಯಲ್ಲ. ಅಂಗಡಿಯ ಹೆಸರಿನಲ್ಲೇ ಟಿಕ್‌ಟಾಕ್ ಖಾತೆ ತೆರೆದೆವು, ಅಂಗಡಿಯ ಫೋನಿನಲ್ಲಿ. ವಿಡಿಯೋ ಅವನದೇ, ಉತ್ತರ ಕೊಡುವುದೂ ಅವನೇ, ಅದಕ್ಕೆ ಸಂಬಳದಲ್ಲಿ ಸ್ವಲ್ಪ ಹೆಚ್ಚು ಸೇರಿಸಿ ಎಂದು ಅಣ್ಣನಿಗೆ ಹೇಳಿದೆ. ಸೇರಿಸಿದರು. ರಿಯಾಯಿತಿ, ಸೇಲ್, ಲಕ್ಕಿ ಡ್ರಾ ಎಂದು ಹಾಕುವ ಮೊದಲು ದುಬೈಯ ಆರ್ಥಿಕ ಮತ್ತು ಪ್ರವಾಸೋದ್ಯಮ ಇಲಾಖೆಯ ಅನುಮತಿ ಬೇಕು ಎನ್ನುವುದನ್ನೂ ಅಲ್ಲೇ ಗೋಡೆಯ ಮೇಲೆ ಬರೆದಿಟ್ಟಿದ್ದೇವೆ.

ಈ ಕೆಲಸದಲ್ಲಿ ನನ್ನ ಹೊಟ್ಟೆ ಉರಿಸುವುದು ಕಾನೂನಲ್ಲ, ಕಳೆದುಹೋದ ಖಾತೆಗಳು. ಹತ್ತು ಖಾತೆ ಇರುವ ಅಂಗಡಿಗೆ ಹೋಗಿ ಪಾಸ್‌ವರ್ಡ್ ಕೇಳಿದರೆ ಮೂರರದ್ದು ಸಿಗುತ್ತದೆ. ಮಿಕ್ಕವು? 'ಮೊದಲು ಇದ್ದ ಹುಡುಗ ಮಾಡಿದ್ದು. ಅವನು ಕ್ಯಾನ್ಸಲ್ ಮಾಡಿಕೊಂಡು ಊರಿಗೆ ಹೋದ.' ಖಾತೆ ಅವನ ಸ್ವಂತ ನಂಬರಿನಲ್ಲಿ, ಅವನ ಸ್ವಂತ ಇಮೇಲಿನಲ್ಲಿ ಇರುತ್ತದೆ. ಯುಎಇಯಲ್ಲಿ ಸಿಮ್ ಎಮಿರೇಟ್ಸ್ ಐಡಿಗೆ ಕಟ್ಟಿರುತ್ತದೆ. ವೀಸಾ ಕ್ಯಾನ್ಸಲ್ ಆಗಿ ಮನುಷ್ಯ ಹೋದ ಮೇಲೆ ನಂಬರೂ ಹೋಗುತ್ತದೆ. ಒಳಗೆ ಹೋಗಲು ಬೇಕಾದ ಒಟಿಪಿ ಯಾರಿಗೂ ಸಿಗದ ನಂಬರಿಗೆ ಹೋಗುತ್ತಿರುತ್ತದೆ. ಹುಡುಗ ಈಗ ಬಿಹಾರದಲ್ಲೋ ಮಲಪ್ಪುರದಲ್ಲೋ ಇದ್ದಾನೆ. ಅವನ ತಪ್ಪೇನೂ ಇಲ್ಲ, ಅಂದು ಯಾರೂ ಅಂಗಡಿಯ ನಂಬರ್ ಕೊಡಲಿಲ್ಲ, ಅವನು ತನ್ನದನ್ನು ಹಾಕಿದ. ಸಾವಿರಾರು ಗಿರಾಕಿಗಳು ಸೇರಿದ್ದ ಪುಟ ಹಳೆಯ ಮೆನು, ಹಳೆಯ ಬೆಲೆ, ಹಳೆಯ ವಿಳಾಸ ಹೊತ್ತುಕೊಂಡು ಇಂಟರ್ನೆಟ್ಟಿನಲ್ಲಿ ಉಳಿದುಬಿಡುತ್ತದೆ. ಜನ ಅಲ್ಲಿ ಪ್ರಶ್ನೆ ಕೇಳುತ್ತಾರೆ, ಉತ್ತರ ಬರುವುದಿಲ್ಲ, ಅಂಗಡಿ ಮುಚ್ಚಿದೆ ಎಂದುಕೊಳ್ಳುತ್ತಾರೆ. ತೆಗೆಸೋಣ ಎಂದರೂ ಅದು ತನ್ನದೇ ಅಂಗಡಿಯದು ಎಂದು ಲೈಸೆನ್ಸ್ ಪ್ರತಿ ಕಳಿಸಿ ವಾರಗಟ್ಟಲೆ ಕಾಯಬೇಕು. ಇಲ್ಲಿ ಕೆಲಸಗಾರರು ಎರಡು ಮೂರು ವರ್ಷಕ್ಕೆ ಬದಲಾಗುತ್ತಲೇ ಇರುತ್ತಾರೆ; ಆದ್ದರಿಂದ ಈ ತೊಂದರೆ ಪುತ್ತೂರಿನ ಅಂಗಡಿಗಿಂತ ಕುಸೈಸಿನ ಅಂಗಡಿಗೆ ಹತ್ತು ಪಟ್ಟು ಹೆಚ್ಚು.

ಹಾಗಾಗಿ ನಾನು ಪಟ್ಟು ಹಿಡಿದು ಮಾಡಿಸುವುದು ಇಷ್ಟು. ಅಂಗಡಿಯ ಲೈಸೆನ್ಸ್ ಹೆಸರಿನಲ್ಲಿ, ಅಥವಾ ಮಾಲೀಕರ ಹೆಸರಿನಲ್ಲಿ, ಒಂದು ಸಿಮ್. ಅಂಗಡಿಗೆಂದೇ ಒಂದು ಇಮೇಲ್. ಖಾತೆ ಎಷ್ಟೇ ಇರಲಿ, ಎಲ್ಲವೂ ಈ ಎರಡಕ್ಕೇ ಕಟ್ಟಿರಬೇಕು. ಕೆಲಸ ಮಾಡುವವರಿಗೆ ಪಾಸ್‌ವರ್ಡ್ ಕೊಡುವ ಬದಲು ಅಧಿಕಾರ ಕೊಡುವುದು: ಫೇಸ್‌ಬುಕ್ ಪುಟಕ್ಕೆ ಅವರವರ ಖಾತೆಯಿಂದಲೇ ಪ್ರವೇಶ, ಗೂಗಲ್ ಗುರುತಿಗೆ ಮಾಲೀಕರ ಕೆಳಗೆ ಮ್ಯಾನೇಜರ್ ಎಂಬ ಸ್ಥಾನ. ಮಾಲೀಕರ ಸ್ಥಾನ ಮಾಲೀಕರಿಗೇ ಇರಲಿ, ನನಗೂ ಬೇಡ, ನಮ್ಮ ಕಚೇರಿಗೂ ಬೇಡ. ಏಜೆನ್ಸಿಯವರು ಖಾತೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು, ಬಾಕಿ ಹಣ ಕೊಡದಿದ್ದರೆ ಪುಟ ಕೊಡುವುದಿಲ್ಲ ಎನ್ನುವುದನ್ನು ಕಂಡಿದ್ದೇನೆ, ಅದು ಅನ್ಯಾಯ. ವಾಟ್ಸ್ಆ್ಯಪಿನಲ್ಲಿ ಮುಖ್ಯ ಫೋನಿನ ಜೊತೆ ಇನ್ನೂ ನಾಲ್ಕು ಉಪಕರಣಗಳನ್ನು ಜೋಡಿಸಬಹುದು. ಮುಖ್ಯ ಫೋನು ಗಲ್ಲಾದಲ್ಲಿ, ಮಿಕ್ಕವು ಕೆಲಸದವರಲ್ಲಿ. ಯಾರಾದರೂ ಬಿಟ್ಟು ಹೋದ ದಿನ ಅವರ ಉಪಕರಣವನ್ನು ಕಳಚಿದರೆ ಮುಗಿಯಿತು. ಎರಡನೇ ಹಂತದ ಪಿನ್ ಹಾಕಿ, ಅದನ್ನು ಕಾಗದದಲ್ಲಿ ಬರೆದು ಲೈಸೆನ್ಸ್ ಫೈಲಿನಲ್ಲಿ ಇಡಿ ಎನ್ನುತ್ತೇನೆ. ಫೋನಿನಲ್ಲೇ ಬರೆದಿಟ್ಟರೆ ಫೋನು ಕಳೆದ ದಿನ ಅದೂ ಇರುವುದಿಲ್ಲ.

ಸಮಯದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. 2022ರಿಂದ ಈ ದೇಶದ ವಾರದ ರಜೆ ಶನಿವಾರ ಭಾನುವಾರಕ್ಕೆ ಬಂತು, ಶುಕ್ರವಾರ ಅರ್ಧ ದಿನ. ಶಾರ್ಜಾದಲ್ಲಿ ಸರಕಾರಿ ಕಚೇರಿಗಳಿಗೆ ಶುಕ್ರವಾರವೂ ರಜೆ. ಕುಸೈಸಿನ ಗಿರಾಕಿಗಳಲ್ಲಿ ಗಡಿಯ ಆಚೆ ಮಲಗಿ ಈಚೆ ದುಡಿಯುವವರು ಸಾಕಷ್ಟು, ಅವರಿಗೆ ಗುರುವಾರ ಸಂಜೆಯೇ ಹೇಳಬೇಕು. ರಂಜಾನ್ ತಿಂಗಳಲ್ಲಿ ಹಗಲು ಊಟದ ಫೋಟೋ ಹಾಕುವುದಿಲ್ಲ. ಇಫ್ತಾರ್ ಆದ ಮೇಲೆ, ರಾತ್ರಿ. ಇದು ಸೌಜನ್ಯ, ಜೊತೆಗೆ ಆ ಹೊತ್ತಿಗೇ ಜನ ಫೋನು ಹಿಡಿಯುವುದೂ ಹೌದು. ಯುಗಾದಿ, ಅಷ್ಟಮಿ, ಚೌತಿ, ನವೆಂಬರಿನ ರಾಜ್ಯೋತ್ಸವ ಬಂದಾಗ ಕನ್ನಡದಲ್ಲೇ ಬರೆಯುತ್ತೇನೆ. ಕೊಟ್ಟೆ ಕಡುಬು ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿದ್ದಕ್ಕಿಂತ ಕನ್ನಡದಲ್ಲಿ ಹಾಕಿದ್ದನ್ನು ನಮ್ಮವರು ಹೆಚ್ಚು ಮುಂದೆ ಕಳಿಸುತ್ತಾರೆ. ಅಬುಧಾಬಿಯಿಂದ ಕೂಡ ಆರ್ಡರ್ ಬರುವುದು ಆಗಲೇ.

ಊರಿನಲ್ಲಿ ಅಂಗಡಿ ಇಟ್ಟವರು ಇದೆಲ್ಲ ದುಬೈಯ ಕಥೆ ಎಂದು ಬಿಡಬೇಕಾಗಿಲ್ಲ. ಆನ್‌ಲೈನ್ ರಿವ್ಯೂಗಳು ಹೇಗಿರಬೇಕು ಎಂದು ಭಾರತದ ಮಾನಕ ಸಂಸ್ಥೆ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಹೊರಡಿಸಿದೆ. ದುಡ್ಡು ಅಥವಾ ಉಡುಗೊರೆ ಪಡೆದು ಪ್ರಚಾರ ಕೊಡುವವರು ಅದನ್ನು ಬಾಯಿಬಿಟ್ಟು ಹೇಳಬೇಕೆಂಬ ಮಾರ್ಗಸೂಚಿ 2023ರ ಜನವರಿಯಲ್ಲಿ ಬಂದಿದೆ. ಪುತ್ತೂರಿನಲ್ಲಿ ಟಿಕ್‌ಟಾಕ್ ಇಲ್ಲ, ತಗಾಲೊಗ್ ಮಾತಾಡುವ ಗಿರಾಕಿ ಇಲ್ಲ. ಅಲ್ಲಿನ ಬಟ್ಟೆ ಅಂಗಡಿಗೆ ಮ್ಯಾಪಿನ ಗುರುತು, ವಾಟ್ಸ್ಆ್ಯಪ್, ಒಂದು ಇನ್‌ಸ್ಟಾಗ್ರಾಂ ಇದ್ದರೆ ಧಾರಾಳ. ಕುಸೈಸನ್ನು ನೋಡಿ ಆರು ಮಾಡಿಕೊಳ್ಳುವುದು ಬೇಡ.

ಹೋಟೆಲ್ ಅಣ್ಣನಿಗೆ ಕೊನೆಗೆ ಉಳಿದದ್ದು ಐದು: ಮ್ಯಾಪು, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಕೇಟರಿಂಗ್ ಆರ್ಡರಿಗೆ ಫೇಸ್‌ಬುಕ್ ಪುಟ. ಪ್ರತಿವರ್ಷ ಟ್ರೇಡ್ ಲೈಸೆನ್ಸ್ ನವೀಕರಿಸುವ ವಾರ ನಾವು ಕುಳಿತು ಪಟ್ಟಿ ನೋಡುತ್ತೇವೆ: ಯಾವುದರಿಂದ ಆರ್ಡರ್ ಬಂತು, ಯಾವುದರಲ್ಲಿ ಪ್ರಶ್ನೆ ಉತ್ತರವಿಲ್ಲದೆ ಬಿತ್ತು, ಅದನ್ನು ನೋಡುವವರು ಇನ್ನೂ ಕೆಲಸದಲ್ಲಿದ್ದಾರೋ. ಈ ಸಲ ಅವರ ಮಗಳು ರಜೆಗೆ ಬಂದವಳು ಯೂಟ್ಯೂಬ್ ಚಾನೆಲ್ ಮಾಡುವ ಎಂದಳು. "ಮಾಡು ಮಗಾ" ಎಂದರು ಅಣ್ಣ, "ಆದರೆ ನೀನು ಕಾಲೇಜಿಗೆ ವಾಪಸು ಹೋದ ಮೇಲೆ ಅದರಲ್ಲಿ ಉತ್ತರ ಕೊಡುವುದು ಯಾರು ಹೇಳು." ಫೇಸ್‌ಬುಕ್ ಪುಟ ನೋಡುತ್ತಿದ್ದ ಕ್ಯಾಷಿಯರ್ ಮುಂದಿನ ತಿಂಗಳು ಊರಿಗೆ ಹೋಗುವವರಿದ್ದಾರೆ, ಮೊದಲು ಅವರ ಜಾಗಕ್ಕೆ ಜನ ಸಿಗಬೇಕು. ಸಿಗದಿದ್ದರೆ ಆ ಪುಟದ ಮೇಲ್ಗಡೆ 'ಆರ್ಡರಿಗೆ ವಾಟ್ಸ್ಆ್ಯಪ್ ಮಾಡಿ' ಎಂದು ನಂಬರ್ ಹಾಕಿ, ಮೆಸೆಂಜರ್ ಮುಚ್ಚುವುದೆಂದು ತೀರ್ಮಾನವಾಗಿದೆ.